ಹಿಂದಿನ ಸಾಲಿನಲ್ಲಿ ಮೂರನೆಯವನು

ಮಂಗಳೂರು
೧೨ ಮಾರ್ಚ್ ೧೯೬೬, ಶನಿವಾರ

ಬಂದರಿನ ಗೋಲಿಬಾರಿನ ವಿಚಾರಣೆ ನಡೆಸುತ್ತಿರುವ ಮಾನ್ಯ ಅಧಿಕಾರಿಗಳೇ,

ನಾಡದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಮ್ಮ ಮುಂದೆ ಹಾಜರಾಗಬೇಕೆಂದು ತಾವು ಸಮನ್ಸ್ ಕಳುಹಿಸಿರುವ ಒಸ್ವಾಲ್ಡ್ ಎಂಬ ಹದಿನೈದು ವರ್ಷದ ಹುಡುಗ ಫೆಬ್ರವರಿ ಎಂಟರ ಸಂಜೆ ಬಂದರಿನಲ್ಲಿ ಇರಲಿಲ್ಲ. ಅವನು ನನ್ನ ಎದುರಿನ ಬೆಂಚಿನಲ್ಲಿ ಕುಳಿತಿದ್ದ. ಇದನ್ನು ತಮ್ಮ ಕಚೇರಿಗೆ ಬಾಯಿಯಲ್ಲಿ ಹೇಳಿದ್ದೇನೆ, ಬರೆದು ಕೊಟ್ಟಿದ್ದೇನೆ, ಕೆಳಗೆ ರುಜು ಹಾಕಿದ್ದೇನೆ. ಏನೂ ಪ್ರಯೋಜನವಾಗದ ಕಾರಣ ಈಗ ಊರಿನ ಎದುರು ಹೇಳುತ್ತಿದ್ದೇನೆ. ಇದನ್ನು ಪ್ರಕಟಿಸಿ ಎಂದು ಊರಿನ ಎರಡು ಪತ್ರಿಕೆಗಳಿಗೆ ಒಯ್ದು ಕೊಟ್ಟಿದ್ದೆ. ಒಂದರವರು ಇದರಿಂದ ಪೊಲೀಸರಿಗೆ ಅನುಕೂಲವಾಗುತ್ತದೆ ಎಂದು ಹಿಂದಿರುಗಿಸಿದರು. ಇನ್ನೊಂದರವರು ಇದರಿಂದ ದೊಂಬಿಯವರಿಗೆ ಅನುಕೂಲವಾಗುತ್ತದೆ ಎಂದು ಹಿಂದಿರುಗಿಸಿದರು. ಎರಡೂ ಕಡೆಯವರಿಗೆ ಇಷ್ಟು ಸಮನಾಗಿ ಬೇಡವಾದದ್ದು ನಿಜವೇ ಇರಬೇಕೆಂದು ನನಗೂ ಧೈರ್ಯ ಬಂತು. ಅದಕ್ಕೇ ಈ ಕರಪತ್ರ.

ನಾನು ಯಾರೆಂಬುದು ತಮ್ಮ ಕಡತದಲ್ಲಿದೆ; ಊರಿನವರಿಗಾಗಿ ಹೇಳುತ್ತೇನೆ. ಬಂದರಿನ ಹಿಂದಿನ ಓಣಿಯ ಒಂದು ಹೈಯರ್ ಎಲಿಮೆಂಟರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೀಚರ್. ಈ ವರ್ಷ ಎಂಟನೆಯ ತರಗತಿ ನನ್ನದು. ಆ ಸಂಜೆ ಗುಂಡು ತಗಲಿ ಸತ್ತ ಕಮರುದ್ದೀನ್ ನನ್ನ ತರಗತಿಯವನು. ತಾವು ಈಗ ಕರೆದಿರುವ ಒಸ್ವಾಲ್ಡ್ ಕೂಡ ನನ್ನ ತರಗತಿಯವನೇ. ಮೂರು ವಾರದಿಂದ ರೇಶನ್ ಅಂಗಡಿಗಳಲ್ಲಿ ಅಕ್ಕಿ ಇರಲಿಲ್ಲ. ಗೋದಾಮಿನ ಅಕ್ಕಿ ಲಾರಿ ಹತ್ತಿ ಹೊರಗೆ ಹೋಗುತ್ತಿದೆ ಎಂದು ಸುದ್ದಿ ಹಬ್ಬಿತು. ಜನ ಸೇರಿದರು, ಕೂಗಿದರು, ಕಲ್ಲು ಬಿತ್ತು, ಲಾಠಿ ಬಿತ್ತು, ಐದು ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ ಮೂರು ಸಲ ಗುಂಡು ಹಾರಿತು. ನಾಲ್ಕೂವರೆಗೆ ಶಾಲೆ ಬಿಟ್ಟ ಕಮರುದ್ದೀನ್ ದಿನವೂ ಮನೆಗೆ ಹೋಗುವ ದಾರಿ ಅದೇ. ಅವನ ಚೀಲದಲ್ಲಿ ‘ಮೊನಚಾದ ಕಬ್ಬಿಣದ ಸಾಧನ’ ಸಿಕ್ಕಿತೆಂದು ಪಂಚನಾಮೆಯಲ್ಲಿ ಬರೆದಿದ್ದಾರಲ್ಲ, ಅದು ರೇಖಾಗಣಿತದ ಪೆಟ್ಟಿಗೆಯ ಕೈವಾರ. ಅದೇ ಪೆಟ್ಟಿಗೆಯಲ್ಲಿದ್ದ ಸ್ಕೇಲು, ಪೆನ್ಸಿಲುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಲು ಏಕೆ ಮರೆತರೋ ನನಗೆ ತಿಳಿಯದು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಇದೆಲ್ಲ ಶುರುವಾದದ್ದು ಅದರಿಂದಲೇ.

ಪ್ರತಿ ಜನವರಿಯಲ್ಲಿ ನಮ್ಮ ಶಾಲೆಯ ಎಂಟನೆಯವರ ಗ್ರೂಪ್ ಫೋಟೋ ತೆಗೆಸುತ್ತೇವೆ. ಸ್ಟುಡಿಯೋದವರು ದಪ್ಪ ರಟ್ಟಿಗೆ ಅಂಟಿಸಿ ಕೊಡುತ್ತಾರೆ. ಬೇರೆ ಶಾಲೆಗಳಲ್ಲಿ ಫೋಟೋದ ಕೆಳಗೆ ಹೆಸರು ಬರೆಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಹುಡುಗನೊಬ್ಬ ರಟ್ಟನ್ನು ಎತ್ತಿ ಹಿಡಿದು, ತನ್ನ ಮುಖದ ಮೇಲೆ ಹೆಬ್ಬೆರಳು, ಅದರ ನೇರ ಹಿಂದೆ ತೋರುಬೆರಳು ಇಟ್ಟು, ರಟ್ಟನ್ನು ಮಗುಚಿ, ಆ ಬೆರಳಿದ್ದ ಜಾಗದಲ್ಲಿಯೇ ತನ್ನ ಕೈಯಿಂದ ತನ್ನ ಹೆಸರು ಬರೆಯಬೇಕು. ಒಬ್ಬೊಬ್ಬನ ಹೆಸರು ಅವನವನ ಬೆನ್ನಿಗೆ. ಶಾಲೆ ಬಿಟ್ಟು ಹೋಗುವ ಮಕ್ಕಳ ಕೈಬರಹ ನಮ್ಮಲ್ಲಿ ಉಳಿಯಲಿ ಎಂದು ನಾನೇ ಹಾಕಿಕೊಟ್ಟ ಪದ್ಧತಿ ಇದು. ರಟ್ಟು ಮಗುಚಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಶಾಲೆಯಲ್ಲಿ ಎಲ್ಲರಿಗೂ ಇದು ಗೊತ್ತಿದ್ದದ್ದರಿಂದ ಒಂದು ದಿನವೂ ತೊಂದರೆ ಬಂದದ್ದಿಲ್ಲ.

ಗುಂಡು ಹಾರಿದ ಮಾರನೆಯ ದಿನ ಒಂದು ಪತ್ರಿಕೆಯ ವರದಿಗಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಸತ್ತ ಹುಡುಗನ ಪಟ ಬೇಕು, ಮನೆಯಲ್ಲಿ ಒಂದೂ ಇಲ್ಲವಂತೆ, ಪಟ ಅಚ್ಚುಹಾಕಲು ಬ್ಲಾಕ್ ಮಾಡುವವರು ಕಾಯುತ್ತಿದ್ದಾರೆ ಎಂದ. ನಾನು ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡಿದ್ದೆ. ಗೋಡೆಯಿಂದ ಫೋಟೋ ಇಳಿಸಿದೆ. ಅದನ್ನು ನೇರ ಹಿಡಿದು ಆ ಮಗುವಿನ ಮುಖ ನೋಡುವ ಶಕ್ತಿ ನನಗಿರಲಿಲ್ಲ. ರಟ್ಟಿನ ಹಿಂಬದಿಯನ್ನೇ ನೋಡಿದೆ. ಮೇಲಿನ ಸಾಲು, ಎಡದಿಂದ ಮೂರನೆಯ ಹೆಸರು, ದುಂಡಗಿನ ಅಕ್ಷರದಲ್ಲಿ, ಕಮರುದ್ದೀನ್. “ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನು” ಎಂದು ಹೇಳಿ ಫೋಟೋ ಕೊಟ್ಟುಬಿಟ್ಟೆ. ಅವನು ಪ್ರೆಸ್ಸಿಗೆ ಹೋಗಿ ಮುಖದ ಕಡೆಯಿಂದ ಎಣಿಸಿದ. ಮುಖದ ಕಡೆಯಿಂದ ಎಡದಿಂದ ಮೂರನೆಯವನಾಗಿ ನಿಂತವನು ಒಸ್ವಾಲ್ಡ್. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಎಣಿಸಲು ಕಲಿಸಿದವಳು ಮೂರರವರೆಗೆ ಎಣಿಸುವುದರಲ್ಲಿ ತಪ್ಪಿದೆ.

ಗುರುವಾರ ಬೆಳಿಗ್ಗೆ ಶಾಲೆಯ ಮೆಟ್ಟಿಲಲ್ಲಿ ಕಮರುದ್ದೀನನ ತಾಯಿ ಬೀಫಾತಿಮ್ಮ ಕುಳಿತಿದ್ದರು. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕಿದವರು, ಓದು ಬರುವುದಿಲ್ಲ. ಪಕ್ಕದಲ್ಲಿ ಹತ್ತು ವರ್ಷದ ಮಗಳು ಆರಿಫಾ, ಕೈಯಲ್ಲಿ ಆ ದಿನದ ಪತ್ರಿಕೆ.

“ಟೀಚರೇ, ಇದು ನನ್ನ ಮಗ ಅಲ್ಲ” ಎಂದರು. “ಹೆಸರು ಅವನದ್ದೇ ಅಂತ ಇವಳು ಹೇಳ್ತಾಳೆ. ಮುಖ ಯಾರದ್ದು? ಪೇಪರಲ್ಲಿ ನಿಮ್ಮ ಮಗನ ಪಟ ಬಂದಿದೆ ಅಂತ ಅಂಗಡಿಯವ ಹೇಳಿದ. ಮನೆಯಲ್ಲಿ ಒಂದು ಪಟವೂ ಇಲ್ಲ, ಇದನ್ನಾದ್ರೂ ಇಟ್ಟುಕೊಳ್ಳುವ ಅಂತ ಓಡಿ ಬಂದೆ.”

ಅಧಿಕಾರಿಗಳೇ, ಆ ತಾಯಿಯ ಕೈ ಹಿಡಿದು ನನ್ನಿಂದ ತಪ್ಪಾಯಿತೆಂದು ಅತ್ತೆ. ಅದೇ ದಿನ ಮಧ್ಯಾಹ್ನ ಪತ್ರಿಕೆಯ ಕಚೇರಿಗೆ ಹೋದೆ. ಸಂಪಾದಕರು ಸಭ್ಯರು, ಕುರ್ಚಿ ಕೊಟ್ಟರು. ಆದರೆ ಈಗ ತಿದ್ದುಪಡಿ ಹಾಕಿದರೆ ಮುಖವೇ ಸುಳ್ಳು, ಹಾಗಾಗಿ ಸುದ್ದಿಯೂ ಸುಳ್ಳು ಎಂದು ಸರ್ಕಾರದವರು ಹೇಳುತ್ತಾರೆ, ಸ್ವಲ್ಪ ತಡೆಯಿರಿ ಎಂದರು. ಫೋಟೋ ಹಿಂದಕ್ಕೆ ಪಡೆದುಕೊಂಡು ಅಲ್ಲಿಂದ ಮೆರವಣಿಗೆ ಏರ್ಪಡಿಸುತ್ತಿದ್ದ ಪಕ್ಷದ ಮುಖಂಡರಲ್ಲಿಗೆ ಹೋದೆ. ಮೂಲ ಫೋಟೋ ತೋರಿಸಿ ಕಮರುದ್ದೀನನ ಮೇಲೆ ಬೆರಳಿಟ್ಟೆ. ಕ್ಯಾಮೆರಾ ಕ್ಲಿಕ್ಕೆನ್ನುವಾಗ ಪಕ್ಕದವನು ಏನೋ ಹೇಳಿದ್ದಕ್ಕೆ ಅವನು ತಲೆ ತಿರುಗಿಸಿದ್ದ. ಮುಖ ಸ್ವಲ್ಪ ಅಳಿಸಿದ ಹಾಗೆ ಬಂದಿದೆ. ಮುಖಂಡರು ಕನ್ನಡಕ ಹಾಕಿ ನೋಡಿ, “ಇದು ಪೋಸ್ಟರಿಗೆ ಆಗುವುದಿಲ್ಲ ಟೀಚರ್. ಮುಖ ಸರಿ ಬರ್ಲಿಲ್ಲ. ಅದೂ ಅಲ್ಲದೆ ಎರಡು ಸಾವಿರ ಅಚ್ಚಾಗಿ ಆಯ್ತು ಮಾರಾಯ್ರೆ, ಇನ್ನು ಎಂತ ಮಾಡುವುದು?” ಎಂದರು. ಸಾಯುವುದಕ್ಕೆ ಯೋಗ್ಯನಾದ ಹುಡುಗ ಹುತಾತ್ಮನಾಗುವುದಕ್ಕೆ ಯೋಗ್ಯನಾಗಲಿಲ್ಲ.

ಹೀಗೆ ಬದುಕಿರುವ ಒಸ್ವಾಲ್ಡನ ಮುಖ ಸತ್ತ ಕಮರುದ್ದೀನನ ಹೆಸರು ಹೊತ್ತು ಹಂಪನಕಟ್ಟೆಯಿಂದ ಜೆಪ್ಪಿನವರೆಗೆ ಗೋಡೆ ಗೋಡೆಯ ಮೇಲೆ ಕುಳಿತಿತು. ಇನ್ನೊಂದು ಪತ್ರಿಕೆ ಹಿಂದುಳಿಯಲಿಲ್ಲ. ಅದೇ ಪಟವನ್ನು ತಾನೂ ಅಚ್ಚುಹಾಕಿ, ಈ ಕಣ್ಣುಗಳನ್ನು ನೋಡಿ, ಇದು ಪುಸ್ತಕ ಹಿಡಿಯುವ ಹುಡುಗನ ನೋಟವೇ ಎಂದು ಕೇಳಿತು. ಮೊದಲನೆಯ ಪತ್ರಿಕೆಗೆ ಅದೇ ಕಣ್ಣುಗಳಲ್ಲಿ ಹಸಿದ ಕಂದನ ನಿಷ್ಪಾಪ ನೋಟ ಕಂಡಿತ್ತು. ಆ ಕಣ್ಣುಗಳ ಒಡೆಯನನ್ನು ಎಂಟು ತಿಂಗಳಿಂದ ದಿನವೂ ನೋಡುವವಳು ನಾನು. ಅವನಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಹಾಗೆ ಕಣ್ಣು ಕಿರಿದು ಮಾಡುತ್ತಾನೆ. ಕನ್ನಡಕ ಮಾಡಿಸಿ ಎಂದು ಅವನ ತಾಯಿ ಜೂಲಿಯವರಿಗೆ ಎರಡು ಸಲ ಚೀಟಿ ಬರೆದಿದ್ದೇನೆ. ಒಂದು ಜೊತೆ ಕನ್ನಡಕ ಸಮಯಕ್ಕೆ ಬಂದಿದ್ದರೆ ನಮ್ಮ ಊರಿನ ಎರಡು ಪತ್ರಿಕೆಗಳಿಗೆ ಸಂಪಾದಕೀಯ ಬರೆಯಲು ವಿಷಯವೇ ಇರುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಪತ್ರಿಕೆಯವರ ಆಟ ಎಂದು ಸುಮ್ಮನಿರಬಹುದಿತ್ತು. ಆದರೆ ತಮ್ಮ ವಿಚಾರಣೆ ಶುರುವಾಯಿತು. ಸತ್ತವನ ಗುರುತು ಹಿಡಿಯಲು ತಮ್ಮ ಮೇಜಿನ ಮೇಲೆ ಇಟ್ಟದ್ದು ಆ ಪೋಸ್ಟರು. ನಾಲ್ಕು ಮಂದಿ ಪೊಲೀಸರು ಪ್ರಮಾಣ ಮಾಡಿ, ಇವನೇ ಮುಂದೆ ನಿಂತು ಕಲ್ಲು ಎಸೆದವನು, ಈ ಮುಖ ಮರೆಯುವ ಹಾಗೆಯೇ ಇಲ್ಲ ಎಂದರು. ಪಕ್ಷದ ಕಡೆಯಿಂದ ಬಂದ ಮೂವರು ಪ್ರಮಾಣ ಮಾಡಿ, ಇವನೇ ಎರಡು ಕೈ ಮೇಲೆತ್ತಿ ನಿಂತವನು, ಅವರಲ್ಲೊಬ್ಬರು ಇವನೇ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟವನು ಎಂದರು. ಅಲ್ಲಿ ಇಲ್ಲದ ಹುಡುಗನನ್ನು ಏಳು ಜನ ಕಣ್ಣಾರೆ ಕಂಡರು. ಅಲ್ಲಿ ಇದ್ದು ಸತ್ತ ಹುಡುಗನನ್ನು ಒಬ್ಬನೂ ಕಾಣಲಿಲ್ಲ. ಈ ಒಂದು ಸಂಗತಿ ತಮ್ಮ ವರದಿಯ ಮೊದಲ ಸಾಲಾಗಬೇಕಿತ್ತು ಎಂದು ನನ್ನಂಥ ಅಲ್ಪಮತಿಗೆ ಅನಿಸುತ್ತದೆ.

ಮಾರ್ಚ್ ಒಂದರಂದು ನಾನಾಗಿಯೇ ತಮ್ಮ ಕಚೇರಿಗೆ ಬಂದೆ. ಫೋಟೋ ತಂದಿದ್ದೆ, ಹಾಜರಿ ಪುಸ್ತಕ ತಂದಿದ್ದೆ. ರಟ್ಟು ಮಗುಚಿ ಮಗುಚಿ ತೋರಿಸಿದೆ. ಆ ಸಂಜೆ ಒಸ್ವಾಲ್ಡನನ್ನು ನಾನೇ ಶಾಲೆಯಲ್ಲಿ ನಿಲ್ಲಿಸಿಕೊಂಡಿದ್ದೆ. ಅವನ ಅಕ್ಷರ ಚೆಂದ, ತಿಂಗಳ ಹಾಜರಿ ಪಟ್ಟಿಯನ್ನು ಅವನಿಂದ ಶುದ್ಧಪ್ರತಿ ಮಾಡಿಸುತ್ತೇನೆ. ಮೊದಲ ಗುಂಡಿನ ಸದ್ದಿಗೆ ಅವನು ಬೆಚ್ಚಿ ಮಸಿಕುಡಿಕೆಗೆ ಕೈ ತಾಗಿಸಿದ. ಎಂಟನೆಯ ತಾರೀಖಿನ ಅಂಕಣದ ಮೇಲೆಯೇ ಮಸಿ ಚೆಲ್ಲಿತು. ಆ ಕಲೆಯನ್ನು ತಮ್ಮ ಗುಮಾಸ್ತರಿಗೆ ತೋರಿಸಿದೆ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಮಸಿ ಬಿದ್ದದ್ದು ಕಾಣ್ತದೆ ಟೀಚರ್. ಯಾವ ದಿನ ಬಿದ್ದದ್ದು ಅಂತ ಮಸಿ ಹೇಳ್ತದಾ?” ಎಂದು ಕೇಳಿದರು. ಮತ್ತೆ, “ಒಮ್ಮೆ ಫೋಟೋದಲ್ಲಿ ತಪ್ಪು ತೋರಿಸಿದವರು ನೀವೇ ಅಲ್ವಾ? ಈಗ ಸರಿ ತೋರಿಸ್ತಾ ಇದ್ದೀರಿ ಅಂತ ನಾವು ಹೇಗೆ ನಂಬುವುದು?” ಎಂದರು. ನನ್ನ ಅರ್ಜಿಯ ಮೇಲೆ ‘ಗಮನಿಸಲಾಗಿದೆ’ ಎಂದು ಬರೆದರು. ನಾನು ಹಗುರಾಗಿ ಮನೆಗೆ ಹೋದೆ. ದೇವರೇ, ಎಂಥ ದಡ್ಡಿ ನಾನು!

ತಾವು ಗಮನಿಸಿದ್ದರ ಫಲ ಎಂಟು ದಿನ ಬಿಟ್ಟು, ಬುಧವಾರ, ಪೇದೆಯ ಕೈಯಲ್ಲಿ ಜೂಲಿಯವರ ಮನೆಗೆ ಬಂತು. ಅದರಲ್ಲಿ ಬರೆದದ್ದು ಇಷ್ಟೇ: ಪಟದಲ್ಲಿರುವ ವ್ಯಕ್ತಿ ನೀನೆಂದು ನಿನ್ನ ಶಿಕ್ಷಕಿ ಹೇಳಿರುವುದರಿಂದಲೂ, ಪಟದಲ್ಲಿರುವ ವ್ಯಕ್ತಿ ಸ್ಥಳದಲ್ಲಿದ್ದನೆಂದು ಏಳು ಮಂದಿ ಸಾಕ್ಷಿ ನುಡಿದಿರುವುದರಿಂದಲೂ, ನೀನು ಹಾಜರಾಗತಕ್ಕದ್ದು. ನಾನು ಅದನ್ನು ಮೂರು ಸಲ ಓದಿದೆ. ಸಾಕ್ಷಿಗಳು ಸುಳ್ಳೆಂದು ತೋರಿಸಲು ನಾನು ಕೊಟ್ಟ ಮಾತನ್ನೇ ಹಿಡಿದು ತಾವು ಹುಡುಗನನ್ನು ಸುಳ್ಳು ಮಾಡಿದಿರಿ. ನನ್ನ ತರಗತಿಯಲ್ಲಿ ಏಳು ಹುಡುಗರ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಒಂದೇ ರೀತಿ ಬಂದರೆ ನಾನು ಎಂಟನೆಯವನನ್ನು ಕರೆದು ಬೆತ್ತ ಎತ್ತುವುದಿಲ್ಲ. ಏಳು ಜನ ಎಲ್ಲಿಂದ ನಕಲು ಹೊಡೆದರು ಎಂದು ಕೇಳುತ್ತೇನೆ. ಎಲಿಮೆಂಟರಿ ಶಾಲೆಯ ಟೀಚರಿಗೆ ಹೊಳೆಯುವ ಈ ಪ್ರಶ್ನೆ ಇಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಅಥವಾ ಹೊಳೆದದ್ದರಿಂದಲೇ ಹೀಗೆ ಮಾಡಿದಿರೇ? ಏಳು ಸಾಕ್ಷಿಗಳನ್ನು ಉಳಿಸಿಕೊಳ್ಳಲು ಒಬ್ಬ ಹುಡುಗನನ್ನು ಬಂದರಿಗೆ ಒಯ್ದು ನಿಲ್ಲಿಸುವುದು ಸುಲಭ ಎಂದು ಯಾರಿಗೋ ಕಂಡಿರಬೇಕು.

ಈಗ ಅವನು ಎಲ್ಲರಿಗೂ ಬೇಕು. ಒಂದು ಪತ್ರಿಕೆಗೆ ಅವನು ಕಲ್ಲೆಸೆದು ತಪ್ಪಿಸಿಕೊಂಡ ಪುಂಡ. ಇನ್ನೊಂದಕ್ಕೆ ಗೆಳೆಯನ ಸಾವನ್ನು ಕಣ್ಣಾರೆ ಕಂಡು ಪೊಲೀಸರ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡ ಸಾಕ್ಷಿ. ನಾನು ಅರ್ಜಿ ಕೊಟ್ಟ ಸುದ್ದಿ ಅಂದೇ ತಮ್ಮ ಕಚೇರಿಯಿಂದ ಓಣಿಗೆ ಬಂದಿತ್ತು; ಅವನು ಮನೆಯಿಂದ ಹೊರಗೆ ಬರದೆ ಹನ್ನೊಂದು ದಿನವಾಯಿತು. ಪೋಸ್ಟರಿನ ಹಾಗೆ ಕಾಣಬಾರದೆಂದು ಅವನ ಅಪ್ಪ ಜಾರ್ಜ್ ಮನೆಯಲ್ಲೇ ಕತ್ತರಿ ಹಿಡಿದು ಅವನ ಕೂದಲು ಬೋಳಿಸಿದಂತೆ ಕತ್ತರಿಸಿದ್ದಾರೆ. ಅವರ ಮನೆಯ ಎದುರಿನ ಗೋಡೆಯಲ್ಲೂ ಆ ಪೋಸ್ಟರು ಉಂಟು. ಜೂಲಿ ಅದನ್ನು ಕಿತ್ತು ತೆಗೆಯಲು ಹೋದರೆ ದಾರಿಯಲ್ಲಿ ಹೋಗುವವನೊಬ್ಬ ನಿಂತು, “ಹುತಾತ್ಮನ ಪಟ ಹರೀತೀರಾ?” ಎಂದು ಗದರಿಸಿದ. “ಅದು ನನ್ನ ಮಗ ಮಾರಾಯ್ರೆ, ಒಳಗೆ ಗಂಜಿ ಉಣ್ತಾ ಇದ್ದಾನೆ” ಎಂದು ಹೇಳಲು ಬಾಯಿಗೆ ಬಂದದ್ದನ್ನು ಆಕೆ ನುಂಗಿಕೊಂಡರು. ಹೇಳಿದರೆ ಏನಾಗುತ್ತದೋ ಎಂಬ ಹೆದರಿಕೆ.

ಹೆದರಿಕೆ ಸುಮ್ಮನೆ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಓಣಿಯಲ್ಲಿ ಕೇಳದ ಮಾತು ಈ ವಾರ ಕೇಳುತ್ತಿದೆ. ಕಲ್ಲು ಎಸೆದವನು ಆ ಕಿರಿಸ್ತಾನರ ಹುಡುಗ, ಗುಂಡು ತಿಂದವನು ನಮ್ಮವನು ಎಂದು ಮೀನಿನ ಅಂಗಡಿಯ ಹತ್ತಿರ ಯಾರೋ ಹೇಳಿದರು. ಅವರ ಗಲಾಟೆಗೆ ನಮ್ಮ ಹುಡುಗನನ್ನು ಬಲಿ ಕೊಡುತ್ತಾರೆ ಎಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಯಾರೋ ಹೇಳಿದರು. ಮೊನ್ನೆ ಜೂಲಿಯವರ ಮಾಡಿನ ಮೇಲೆ ಕಲ್ಲು ಬಿದ್ದು ಎರಡು ಹಂಚು ಒಡೆದಿದೆ. ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗರು ಈಗ ಎರಡು ಗುಂಪಾಗಿ ಕುಳಿತಿದ್ದಾರೆ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಓಣಿಯ ತಿರುವಿನಲ್ಲಿ ಒಂದು ಜೀಪು ದಿನವೂ ನಿಲ್ಲುತ್ತದೆ. ಕಾವಲಿಗೋ ಹಿಡಿಯುವುದಕ್ಕೋ ಎಂದು ಅದರಲ್ಲಿ ಕುಳಿತವರನ್ನು ಕೇಳಿದೆ. ಅವರು ನಕ್ಕರು. ಅಧಿಕಾರಿಗಳೇ, ಇನ್ನೊಂದು ಮಗುವಿನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಹೊಡೆದುಹಾಕುವ ಕೈ ನನಗಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಎಂದು ನೇರವಾಗಿಯೇ ಹೇಳುತ್ತೇನೆ.

ನಿನ್ನೆ ಸಂಜೆ ಬೀಫಾತಿಮ್ಮ ಮತ್ತೆ ಬಂದರು. ಸಮನ್ಸಿನ ವಿಷಯ ಅವರಿಗೆ ಗೊತ್ತಾಗಿತ್ತು. ಫೋಟೋ ತೋರಿಸಿ ಎಂದರು. ಈ ಸಲ ನಾನು ಹೆದರದೆ ರಟ್ಟನ್ನು ನೇರ ಹಿಡಿದು, ಹಿಂದಿನ ಸಾಲಿನಲ್ಲಿ ಬಲದಿಂದ ಮೂರನೆಯವನ ಮೇಲೆ ಬೆರಳಿಟ್ಟೆ. ಆಕೆ ಬಹಳ ಹೊತ್ತು ನೋಡಿದರು. “ಹೌದು, ಇವನೇ. ಒಂದು ಕಡೆ ಸುಮ್ಮನೆ ನಿಲ್ಲುವ ಪೋರ ಅಲ್ಲ” ಎಂದರು. ಮತ್ತೆ ಬೆರಳನ್ನು ಸಾಲಿನ ಆ ತುದಿಯ ಕಡೆಗೆ ಸರಿಸಿ, “ಇವನಾ ಜೂಲಿಬಾಯಿಯ ಮಗ?” ಎಂದು ಕೇಳಿದರು. ಹೌದೆಂದೆ.

“ಸೋಮವಾರ ನಾನೂ ಬರ್ತೇನೆ ಟೀಚರೇ. ನನ್ನ ಮಗನ ಹೆಸರು ಹೇಳಿಕೊಂಡು ಇನ್ನೊಬ್ಬಳ ಮಗನನ್ನು ಕರ್ಕೊಂಡು ಹೋಗುವುದು ಬೇಡ.”

ಎರಡು ಪತ್ರಿಕೆಗಳು, ಒಂದು ಪಕ್ಷ ಮತ್ತು ತಮ್ಮ ಇಡೀ ಕಚೇರಿ ಸೇರಿ ಒಂದು ತಿಂಗಳಲ್ಲಿ ಆಡದ ಮಾತನ್ನು ಓದು ಬಾರದ ಒಬ್ಬ ತಾಯಿ ಆಡಿದರು. ಆದುದರಿಂದ ನಾನು ಕೇಳುವುದು ಇಷ್ಟು. ಒಸ್ವಾಲ್ಡನ ಸಮನ್ಸನ್ನು ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ. ತೆಗೆದುಕೊಂಡದ್ದನ್ನು ಊರಿಗೆ ಕೇಳುವಂತೆ ಸಾರಿಸಿ. ಆ ಪೋಸ್ಟರುಗಳನ್ನು ಗೋಡೆಗಳಿಂದ ತೆಗೆಸಿ. ಏಳು ಸಾಕ್ಷಿಗಳನ್ನು ಮತ್ತೆ ಕರೆದು, ಈ ಸಲ ಮೂಲ ಫೋಟೋ ಇಟ್ಟು, ಅವರ ಬೆರಳು ಯಾರ ಮೇಲೆ ಹೋಗುತ್ತದೆ ನೋಡಿ. ಆ ಮೇಲೆ ಕಮರುದ್ದೀನ್ ಎಂಬ ಹುಡುಗನನ್ನು ಯಾರು, ಏಕೆ ಕೊಂದರು ಎಂಬ ಪ್ರಶ್ನೆಗೆ ಬನ್ನಿ. ಆ ಪ್ರಶ್ನೆಯನ್ನು ಇಷ್ಟು ದಿನವಾದರೂ ಯಾರೂ ಕೇಳಿಯೇ ಇಲ್ಲ.

ಸೋಮವಾರ ಹತ್ತೂವರೆಗೆ ಒಸ್ವಾಲ್ಡ್ ಬರುವುದಿಲ್ಲ. ಅವನನ್ನು ಕಳುಹಿಸಬೇಡಿ ಎಂದು ಜೂಲಿಯವರಿಗೆ ಹೇಳಿದವಳು ನಾನು. ಅದಕ್ಕೆ ಶಿಕ್ಷೆಯಿದ್ದರೆ ನನ್ನದು. ಅವನ ಬದಲು ನಾವು ಇಬ್ಬರು ಹೆಂಗಸರು ಬರುತ್ತೇವೆ, ಫೋಟೋ ತರುತ್ತೇವೆ. ಆ ಫೋಟೋ ನೋಡಿ ಯಾರನ್ನಾದರೂ ಹಿಡಿಯಲೇಬೇಕೆಂದು ತಮಗೆ ಮೇಲಿನಿಂದ ಒತ್ತಾಯವಿದ್ದರೆ ಕಷ್ಟ ಕೊಡುವುದಿಲ್ಲ. ಮಧ್ಯದ ಸಾಲಿನಲ್ಲಿ ಟೀಚರುಗಳ ಐದು ಕುರ್ಚಿಗಳಿವೆ. ಎಡದಿಂದ ಎಣಿಸಿ, ಬಲದಿಂದ ಎಣಿಸಿ. ಮುಖ ನೋಡಿ ಎಣಿಸಿ, ರಟ್ಟು ಮಗುಚಿ ಬೆನ್ನಿನಿಂದ ಎಣಿಸಿ. ಹೇಗೆ ಎಣಿಸಿದರೂ ಮೂರನೆಯವಳು ನಾನೇ.

ಇಂತಿ, ಎಣಿಕೆ ತಪ್ಪಿದ್ದಕ್ಕೆ ತಲೆತಗ್ಗಿಸಿ, ಉಳಿದುದಕ್ಕೆ ತಲೆಯೆತ್ತಿ,

ಎಸ್ತೆರ್ ತಾವ್ರೊ
ಎಂಟನೆಯ ತರಗತಿಯ ಟೀಚರ್
(ಹಾಜರಿ: ಮೂವತ್ತೆರಡರಲ್ಲಿ ಮೂವತ್ತು)